ಮತದ ಕೊಳಗ

ಮಾತುಕತೆ ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ನಮ್ಮ ತಂಡ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಲೇಜುಗಳಿಗೆ ಹೋಗಿತ್ತು. ವಿಷಯ ಪ್ರಜಾಪ್ರಭುತ್ವ. ಒಂದು ಕಾಲೇಜಿನಲ್ಲಿ ನಾವು ದೀಪಗಳನ್ನು ಹೊಂದಿಸಿಕೊಳ್ಳುತ್ತಿರುವಾಗಲೇ ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ನಮ್ಮಲ್ಲಿ ಸರ್ಕಾರಗಳು ಮೇಲಿಂದ ಮೇಲೆ ಬೀಳ್ತಾವಲ್ಲ. ಅಮೆರಿಕದ ಥರ ಒಬ್ಬರನ್ನ ಜನರೇ ನೇರವಾಗಿ ಆರಿಸಿ, ಅವಧಿ ಮುಗಿಯೋ ತನಕ ಯಾರೂ ಅಲುಗಾಡಿಸಬಾರದು ಅಂತ ಮಾಡಿದ್ರೆ ಗಟ್ಟಿಯಾಗಿರಲ್ವಾ?” ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಕಾರ್ಯಕ್ರಮದ ಅರ್ಧ ಗಂಟೆ ಸಾಲದೆ ಹೋಯಿತು. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಉತ್ತರವನ್ನು ವಾಷಿಂಗ್ಟನ್ನಿನಿಂದ ಆರಂಭಿಸುವ ಬದಲು ಸಾಗರ ತಾಲ್ಲೂಕಿನ ಕಾಗೋಡಿನಿಂದಲೇ ಆರಂಭಿಸಬಹುದು. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳದ ಮೂಲದಲ್ಲಿದ್ದ ವಸ್ತುಗಳಲ್ಲೊಂದು ಭತ್ತ ಅಳೆಯುವ ಕೊಳಗ. ಗೇಣಿ ಇಷ್ಟು ಕೊಳಗ ಎಂದು ಗೊತ್ತಾಗಿರುತ್ತದೆ. ಆದರೆ ಒಡೆಯರ ಕೊಳಗ ದೊಡ್ಡದಾಗಿದ್ದರೆ, ಎಣಿಕೆ ಅಷ್ಟೇ ಇದ್ದರೂ ಕಣದಿಂದ ಹೊರಡುವ ಭತ್ತ ಹೆಚ್ಚು. ಗೇಣಿದಾರರ ದೂರು ಅದಾಗಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರು ಚಳವಳಿಗೆ ಬೆಂಬಲವಾಗಿ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಭೂಮಿಯ ಪ್ರಶ್ನೆಯನ್ನು ರಾಜ್ಯದ ರಾಜಕೀಯದ ನಡುವೆ ತಂದಿಟ್ಟ ಹೋರಾಟವಿದು.

ಚುನಾವಣಾ ನಿಯಮವೂ ಒಂದು ಕೊಳಗವೇ. ಮತಗಳ ರಾಶಿ ಒಂದೇ ಇರಲಿ, ಅಳೆಯುವ ಪಾತ್ರೆ ಬದಲಾದರೆ ಗೆದ್ದವರೂ ಬದಲಾಗುತ್ತಾರೆ. ನಾನು ವಿಜ್ಞಾನ ಓದಿದವನಾದ್ದರಿಂದ ನನಗೆ ಲೆಕ್ಕ ಮಾಡಿ ನೋಡದೆ ಸಮಾಧಾನವಿಲ್ಲ. ಒಂದು ಊರಿನಲ್ಲಿ 100 ಮತದಾರರಿದ್ದಾರೆ ಎನ್ನಿ. ಮೂವರು ಅಭ್ಯರ್ಥಿಗಳು; ಅವರ ಚಿಹ್ನೆಗಳು ಅಡಿಕೆ, ಭತ್ತ, ಏಲಕ್ಕಿ. ಅಡಿಕೆಗೆ 36, ಭತ್ತಕ್ಕೆ 35, ಏಲಕ್ಕಿಗೆ 29 ಮತಗಳು. ಹೆಚ್ಚು ಮತ ಪಡೆದವರೇ ಗೆದ್ದರು ಎಂಬ ನಮ್ಮ ನಿಯಮದಲ್ಲಿ ಅಡಿಕೆಯ ಅಭ್ಯರ್ಥಿ ಗೆದ್ದ ಹಾಗೆ. ಅರ್ಧಕ್ಕಿಂತ ಹೆಚ್ಚು ಬರಲೇಬೇಕು, ಬಾರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೆ ಮತದಾನ ಎಂಬ ನಿಯಮವಿದೆ ಎಂದುಕೊಳ್ಳೋಣ. ಏಲಕ್ಕಿಯವರೆಲ್ಲ ಎರಡನೆಯ ಸುತ್ತಿನಲ್ಲಿ ಭತ್ತಕ್ಕೆ ಹಾಕಿದರೆ ಭತ್ತಕ್ಕೆ 64 ಮತ, ಗೆದ್ದದ್ದು ಭತ್ತ. ಇನ್ನು ಅಡಿಕೆಯವರಿಗೂ ಭತ್ತದವರಿಗೂ ‘ನಮ್ಮವರು ಆಗದಿದ್ದರೆ ಏಲಕ್ಕಿಯವರಾದರೂ ಆಗಲಿ’ ಎಂಬ ಮನಸ್ಸಿದ್ದರೆ, ಒಬ್ಬರಿಗೆ ಒಬ್ಬರನ್ನು ಎದುರು ನಿಲ್ಲಿಸಿ ಎಣಿಸಿದಾಗ ಏಲಕ್ಕಿಯ ಅಭ್ಯರ್ಥಿ ಅಡಿಕೆಯನ್ನು 64 ಮತಗಳಿಂದಲೂ ಭತ್ತವನ್ನು 65 ಮತಗಳಿಂದಲೂ ಸೋಲಿಸುತ್ತಾರೆ. ಒಬ್ಬ ಮತದಾರನೂ ಮನಸ್ಸು ಬದಲಾಯಿಸಿಲ್ಲ. ಮೂರು ನಿಯಮಕ್ಕೆ ಮೂವರು ವಿಜಯಿಗಳು. ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲಿಯೇ ಈ ಬಗೆಯ ತೊಡಕುಗಳನ್ನು ಕುರಿತು ಗ್ರಂಥ ಬರೆದಿದ್ದ. ನೀವೂ ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ.

ಈಗ ಇದೇ ಮಲೆನಾಡಿನ ಲೆಕ್ಕಕ್ಕೆ ಬರೋಣ. 1952ರಲ್ಲಿ ಮೊದಲ ಮಹಾಚುನಾವಣೆ ನಡೆದಾಗ ಸಾಗರ ಮತ್ತು ಹೊಸನಗರ ಸೇರಿ ಒಂದು ವಿಧಾನಸಭಾ ಕ್ಷೇತ್ರ. ಆಗ ಮತಪತ್ರದ ಮೇಲೆ ಮುದ್ರೆ ಒತ್ತುವ ಪದ್ಧತಿಯಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ಇಲ್ಲಿ ಸ್ಪರ್ಧಿಸಿ ಗೆದ್ದರು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಅಂದಿನ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಸಮಾಜವಾದಿಗಳಿಗೆ ದೊರೆತದ್ದು ಮೂರೇ ಮೂರು. ಕಾಂಗ್ರೆಸ್ಸಿಗೆ ಶೇಕಡ 46ರಷ್ಟು ಮತ. ಸ್ಥಾನಗಳು ಮಾತ್ರ 74, ಎಂದರೆ ನಾಲ್ಕರಲ್ಲಿ ಮೂರು ಪಾಲು.

ಅರ್ಧಕ್ಕಿಂತ ಕಡಿಮೆ ಮತಕ್ಕೆ ಮುಕ್ಕಾಲು ಸಭೆ ಹೇಗೆ ಬಂತು? ಎದುರಾಳಿಗಳ ಮತ ಹಲವು ಪಕ್ಷಗಳಲ್ಲಿ ಹಂಚಿಹೋದಾಗ ಎಲ್ಲ ಕಡೆ ಸಮನಾಗಿ ಬೇರುಬಿಟ್ಟ ದೊಡ್ಡ ಪಕ್ಷಕ್ಕೆ ಈ ನಿಯಮ ಹೆಚ್ಚು ಅಳೆದು ಕೊಡುತ್ತದೆ. ಹಾಗಿದ್ದರೂ ಒಂದು ಸಣ್ಣ ಪಕ್ಷ ಸಾಗರ-ಹೊಸನಗರದಲ್ಲಿ ಗೆಲ್ಲಲು ಕಾರಣ, ಅದರ ಬಲ ಒಂದೇ ಜಾಗದಲ್ಲಿ ಮಡುಗಟ್ಟಿ ನಿಂತಿದ್ದುದು. ಕಾಗೋಡಿನ ಹೋರಾಟವಾಗಿ ವರ್ಷವೂ ಆಗಿರಲಿಲ್ಲ. ಅಷ್ಟೇ ಮತಗಳು ಹತ್ತು ಜಿಲ್ಲೆಗಳಲ್ಲಿ ಚದುರಿದ್ದರೆ ಒಂದು ಸ್ಥಾನವೂ ಸಿಕ್ಕುತ್ತಿರಲಿಲ್ಲವೇನೋ. ಈ ಮಾತಿಗೆ 1972ರ ಚುನಾವಣೆಯೂ ಸಾಕ್ಷಿ. ದೇವರಾಜ ಅರಸು ಅವರ ನೇತೃತ್ವದಲ್ಲಿ ಕಾಂಗ್ರೆಸ್ 216ರಲ್ಲಿ 165 ಸ್ಥಾನಗಳನ್ನು ಬಾಚಿಕೊಂಡ ಆ ವರ್ಷವೂ ಸಾಗರ ಕಾಗೋಡು ತಿಮ್ಮಪ್ಪನವರನ್ನೂ ತೀರ್ಥಹಳ್ಳಿ ಕೋಣಂದೂರು ಲಿಂಗಪ್ಪನವರನ್ನೂ ಸಮಾಜವಾದಿ ಪಕ್ಷದಿಂದ ಆರಿಸಿ ಕಳಿಸಿದವು.

ಪಕ್ಕದ ತೀರ್ಥಹಳ್ಳಿ ಕ್ಷೇತ್ರದಿಂದ 1952ರಲ್ಲಿ ಆಯ್ಕೆಯಾದವರು ಕಾಂಗ್ರೆಸ್ಸಿನ ಕಡಿದಾಳ್ ಮಂಜಪ್ಪನವರು. ಅವರ ಕಥೆ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇನ್ನೊಂದು ಕಡೆಯಿಂದ ಉತ್ತರ ಕೊಡುತ್ತದೆ. 74 ಸ್ಥಾನಗಳ ಆಸರೆಯಿದ್ದ ಕೆಂಗಲ್ ಹನುಮಂತಯ್ಯನವರ ಸರ್ಕಾರವನ್ನು ವಿರೋಧ ಪಕ್ಷಗಳು ಅಲುಗಾಡಿಸುವಂತಿರಲಿಲ್ಲ. ಆದರೆ 1956ರಲ್ಲಿ ಸ್ವಪಕ್ಷದ ಶಾಸಕರೇ ಅವರಲ್ಲಿ ವಿಶ್ವಾಸ ಕಳೆದುಕೊಂಡರು. ಹನುಮಂತಯ್ಯನವರು ರಾಜೀನಾಮೆಯಿತ್ತರು, ಆಗಸ್ಟ್ 19ರಂದು ಮಂಜಪ್ಪನವರು ಮುಖ್ಯಮಂತ್ರಿಯಾದರು. ನವೆಂಬರ್ 1ರಂದು ಏಕೀಕೃತ ರಾಜ್ಯ ಉದಯವಾಗಿ ಎಸ್. ನಿಜಲಿಂಗಪ್ಪನವರು ಅಧಿಕಾರ ವಹಿಸಿಕೊಳ್ಳುವ ತನಕ, ಎಂದರೆ ಎರಡೂವರೆ ತಿಂಗಳ ಕಾಲ, ತೀರ್ಥಹಳ್ಳಿಯ ಶಾಸಕರು ರಾಜ್ಯದ ಮುಖ್ಯಮಂತ್ರಿ. ನಡುವೆ ಚುನಾವಣೆ ನಡೆಯಲಿಲ್ಲ, ಗದ್ದಲವಾಗಲಿಲ್ಲ. ಒಬ್ಬರು ಇಳಿದರು, ಇನ್ನೊಬ್ಬರು ಏರಿದರು. ಇದನ್ನು ಅಸ್ಥಿರತೆ ಎನ್ನುವುದೋ, ವ್ಯವಸ್ಥೆಯ ಬಳುಕು ಎನ್ನುವುದೋ? ನನಗೆ ಎರಡನೆಯದೇ ಸರಿಯೆನಿಸುತ್ತದೆ.

ಹೀಗೆ, ಸರ್ಕಾರದ ಭದ್ರತೆಯ ಹಿಂದೆ ಎರಡು ನಿಯಮಗಳಿವೆ. ಅಧಿಕಾರಕ್ಕೆ ಏರುವುದು ಹೇಗೆ ಎಂಬುದು ಒಂದು. ಇಳಿಯುವುದು ಅಥವಾ ಇಳಿಸುವುದು ಹೇಗೆ ಎಂಬುದು ಇನ್ನೊಂದು. ಅಧ್ಯಕ್ಷೀಯ ಪದ್ಧತಿಯಲ್ಲಿ ಮುಖ್ಯಸ್ಥರನ್ನೂ ಶಾಸಕಾಂಗವನ್ನೂ ಜನ ಬೇರೆ ಬೇರೆಯಾಗಿ ಆರಿಸುತ್ತಾರೆ. ಮಹಾಪರಾಧ ಸಾಬೀತಾದ ಹೊರತು ಅವಧಿಗೆ ಮುಂಚೆ ಅಧ್ಯಕ್ಷರನ್ನು ಕೆಳಗಿಳಿಸುವಂತಿಲ್ಲ; ಸಾಮಾನ್ಯವಾಗಿ ಅಧ್ಯಕ್ಷರೂ ಶಾಸಕಾಂಗವನ್ನು ವಿಸರ್ಜಿಸುವಂತಿಲ್ಲ. ಇಲ್ಲಿ ಏರುವ ನಿಯಮ ತಪ್ಪಿದರೆ ಇಳಿಯುವ ದಾರಿ ಸುಲಭಕ್ಕೆ ಸಿಕ್ಕುವುದಿಲ್ಲ.

ಈ ವ್ಯತ್ಯಾಸ ಎಷ್ಟು ಭಾರವಾದದ್ದು ಎಂಬುದಕ್ಕೆ ಎರಡು ಸರ್ಕಾರಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಒಂದು ನಮ್ಮದೇ, 1983ರದು. ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇಕಡ 40ಕ್ಕೂ ಮಿಕ್ಕು ಮತ, 82 ಸ್ಥಾನ. ಜನತಾ ಪಕ್ಷಕ್ಕೆ ಶೇಕಡ 33ರಷ್ಟು ಮತ, 95 ಸ್ಥಾನ. ಹೆಚ್ಚು ಮತ ಬಂದವರಿಗೆ ಕಡಿಮೆ ಸ್ಥಾನ! ಸಭೆಯ 224ರಲ್ಲಿ ಯಾರಿಗೂ ಬಹುಮತವಿಲ್ಲ. ಭಾರತೀಯ ಜನತಾ ಪಕ್ಷದ 18 ಶಾಸಕರು, ಎಡಪಕ್ಷಗಳು ಮತ್ತಿತರರು ಹೊರಗಿನಿಂದ ಬೆಂಬಲ ಕೊಟ್ಟರು. ರಾಮಕೃಷ್ಣ ಹೆಗಡೆಯವರು ಜನವರಿಯಲ್ಲಿ ಮುಖ್ಯಮಂತ್ರಿಯಾದರು. ಆ ಇಕ್ಕಟ್ಟಿನ ಸಭೆಯನ್ನು ಸ್ಪೀಕರ್ ಸ್ಥಾನದಲ್ಲಿ ಕುಳಿತು ನಡೆಸಿದವರು ತೀರ್ಥಹಳ್ಳಿಯಿಂದ ಆಯ್ಕೆಯಾಗಿದ್ದ ಡಿ.ಬಿ. ಚಂದ್ರೇಗೌಡರು.

1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾದವು. ಜನರ ಒಲವು ನಮ್ಮ ಕಡೆ ಉಳಿದಿಲ್ಲ ಎಂದು ಹೆಗಡೆಯವರು ರಾಜೀನಾಮೆ ಕೊಟ್ಟು ಹೊಸ ಚುನಾವಣೆ ಕೇಳಿದರು. 1985ರ ಮಾರ್ಚಿಯಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಕಾಂಗ್ರೆಸ್ಸಿನ ಮತಪ್ರಮಾಣ 1983ರಲ್ಲಿದ್ದಷ್ಟೇ, ಶೇಕಡ 40ರ ಆಸುಪಾಸು. ಹಿಂದೆ ಹಂಚಿಹೋಗಿದ್ದ ಉಳಿದ ಮತಗಳಲ್ಲಿ ಬಹುಪಾಲು ಈ ಸಲ ಒಂದೇ ಕಡೆ ಕೂಡಿಬಂದವು.

ಇನ್ನೊಂದು ದಕ್ಷಿಣ ಅಮೆರಿಕದ ಚಿಲಿ ದೇಶದ್ದು. 1970ರ ಅಧ್ಯಕ್ಷ ಚುನಾವಣೆಯಲ್ಲಿ ಮೂವರ ಸ್ಪರ್ಧೆ. ಸಮಾಜವಾದಿ ಸಾಲ್ವಡಾರ್ ಅಯೆಂದೆ ಅವರಿಗೆ ಶೇಕಡ ಸುಮಾರು 36, ಬಲಪಂಥೀಯ ಅಲೆಸ್ಸಾಂದ್ರಿ ಅವರಿಗೆ 35, ಕ್ರಿಶ್ಚಿಯನ್ ಡೆಮಾಕ್ರಾಟ್ ಪಕ್ಷದ ತೋಮಿಕ್ ಅವರಿಗೆ 28. ನಮ್ಮ ಅಡಿಕೆ-ಭತ್ತ-ಏಲಕ್ಕಿಯ ಲೆಕ್ಕ ಇಲ್ಲಿಂದಲೇ ಎತ್ತಿದ್ದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಮೊದಲ ಇಬ್ಬರಲ್ಲಿ ಒಬ್ಬರನ್ನು ಅಲ್ಲಿನ ಶಾಸಕಾಂಗ ಆರಿಸಬೇಕೆಂಬ ನಿಯಮವಿತ್ತು. ಅದು ಅಯೆಂದೆ ಅವರನ್ನು ಆರಿಸಿತು. ಅವಧಿ ಆರು ವರ್ಷ. ಶಾಸಕಾಂಗಕ್ಕೆ ಬೇರೆ ವರ್ಷದಲ್ಲಿ ಚುನಾವಣೆ, ಅದೂ ಅನುಪಾತ ಪ್ರಾತಿನಿಧ್ಯದ ಪ್ರಕಾರ. ಎಂದರೆ ಪಕ್ಷಕ್ಕೆ ಎಷ್ಟು ಪಾಲು ಮತವೋ ಹೆಚ್ಚುಕಡಿಮೆ ಅಷ್ಟೇ ಪಾಲು ಸ್ಥಾನ. ಹೀಗಾಗಿ ಅಧ್ಯಕ್ಷರ ಕೂಟಕ್ಕೆ ಅಲ್ಲಿ ಬಹುಮತ ಬರಲೇ ಇಲ್ಲ.

ಗಣಿಗಳ ರಾಷ್ಟ್ರೀಕರಣ, ಭೂಸುಧಾರಣೆ, ಏರುತ್ತ ಹೋದ ಬೆಲೆ, ಮುಷ್ಕರಗಳು ಎಲ್ಲ ಸೇರಿ ಅಧ್ಯಕ್ಷರಿಗೂ ಶಾಸಕಾಂಗಕ್ಕೂ ಹೊಂದಾಣಿಕೆ ತಪ್ಪಿತು. 1973ರ ಮಾರ್ಚಿಯಲ್ಲಿ ಶಾಸಕಾಂಗದ ಚುನಾವಣೆಯಾದಾಗ ವಿರೋಧ ಪಕ್ಷಗಳಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂದರೂ, ಅಧ್ಯಕ್ಷರನ್ನು ಪದಚ್ಯುತಗೊಳಿಸಲು ಸೆನೆಟ್ಟಿನಲ್ಲಿ ಬೇಕಾದ ಮೂರನೆಯ ಎರಡು ಭಾಗ ಒದಗಲಿಲ್ಲ. ಅಧ್ಯಕ್ಷರಿಗೆ ಶಾಸಕಾಂಗವನ್ನು ವಿಸರ್ಜಿಸುವ ಅಧಿಕಾರವಿಲ್ಲ. ಹೆಗಡೆಯವರಿಗೆ ಸಿಕ್ಕ ‘ಮತ್ತೆ ಜನರ ಬಳಿಗೆ’ ಎಂಬ ಬಾಗಿಲು ಅಯೆಂದೆ ಅವರಿಗೆ ಸುಲಭವಾಗಿ ತೆರೆಯುವಂತಿರಲಿಲ್ಲ. ಸೆಪ್ಟೆಂಬರ್ 11ರಂದು ಸೇನೆ ಅಧ್ಯಕ್ಷರ ಅರಮನೆಯ ಮೇಲೆ ಬಾಂಬು ಹಾಕಿತು. ಅಯೆಂದೆ ಅಂದೇ ಸತ್ತರು. ಜನರಲ್ ಪಿನೊಚೆ 1990ರ ವರೆಗೆ ಆಳಿದರು. ಸಾವಿರಾರು ಜನ ಕೊಲೆಯಾದರು, ಕಾಣೆಯಾದರು.

ಈ ದುರಂತಕ್ಕೆ ಚುನಾವಣಾ ನಿಯಮವೊಂದೇ ಕಾರಣ ಎಂದರೆ ಅದು ಇತಿಹಾಸಕ್ಕೆ ಮಾಡುವ ಅನ್ಯಾಯ. ಅಮೆರಿಕ ಸರ್ಕಾರ ಅಯೆಂದೆ ವಿರುದ್ಧ ಗುಪ್ತವಾಗಿ ಹಣ ಸುರಿದದ್ದು 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವಿಚಾರಣೆಯಲ್ಲೇ ಬಯಲಾಯಿತು. ಬಂದೂಕು ಎತ್ತಿದವರು ಸೇನಾಧಿಕಾರಿಗಳು, ನಿಯಮವಲ್ಲ. ಆದರೆ ಮೂರನೆಯ ಒಂದು ಪಾಲು ಮತದಿಂದ ಬಂದ ಅಧ್ಯಕ್ಷ, ಬೇರೆ ಅಳತೆಯಿಂದ ಬೇರೆ ವರ್ಷ ಬಂದ ಶಾಸಕಾಂಗ, ಇಬ್ಬರ ಜಗಳ ಬಿಡಿಸಲು ನಡುವೆ ಚುನಾವಣೆಯಿಲ್ಲ: ಈ ಮೂರೂ ಕೂಡಿದಾಗ ಉಸಿರಾಡಲು ಜಾಗ ಕಡಿಮೆಯಾಯಿತು ಎಂಬುದನ್ನು ಅಲ್ಲಗಳೆಯಲಾಗದು. ಚಿಲಿಯವರೂ ಇದನ್ನು ಕಂಡುಕೊಂಡರು. 1989ರಿಂದ ಅಲ್ಲಿ ಅಧ್ಯಕ್ಷ ಪದವಿಗೆ ಅರ್ಧಕ್ಕಿಂತ ಹೆಚ್ಚು ಮತ ಬೇಕು; ಬಾರದಿದ್ದರೆ ಜನರೇ ಎರಡನೆಯ ಸುತ್ತಿನಲ್ಲಿ ತೀರ್ಮಾನಿಸುತ್ತಾರೆ.

ಹಾಗಾದರೆ ಎರಡು ಸುತ್ತು ಇಟ್ಟರೆ ಸಾಕೇ? ಪೆರು ದೇಶದ ಉದಾಹರಣೆ ‘ಸಾಲದು’ ಎನ್ನುತ್ತದೆ. 1990ರ ಮೊದಲ ಸುತ್ತಿನಲ್ಲಿ ಆಲ್ಬೆರ್ತೊ ಫುಹಿಮೊರಿ ಅವರಿಗೆ ಬಂದದ್ದು ಶೇಕಡ 29. ಎರಡನೆಯ ಸುತ್ತಿನಲ್ಲಿ 62. ಆದರೆ ಶಾಸಕಾಂಗದ ಚುನಾವಣೆ ಮೊದಲ ಸುತ್ತಿನ ದಿನವೇ ಮುಗಿದುಹೋಗಿತ್ತು. ಕೆಳಮನೆಯ 180 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ಸಿಕ್ಕದ್ದು 32. ಎರಡನೆಯ ಸುತ್ತು ಅಧ್ಯಕ್ಷರಿಗೆ ‘ಜನ ನನ್ನ ಹಿಂದಿದ್ದಾರೆ’ ಎಂಬ ಧೈರ್ಯ ಕೊಟ್ಟಿತೇ ಹೊರತು ಮಸೂದೆ ಪಾಸು ಮಾಡಿಸುವ ಬಲ ಕೊಡಲಿಲ್ಲ. 1992ರ ಏಪ್ರಿಲ್ 5ರಂದು ಫುಹಿಮೊರಿ ಸೇನೆಯ ಬೆಂಬಲದಿಂದ ಶಾಸಕಾಂಗವನ್ನೇ ಮುಚ್ಚಿಸಿದರು.

ನೆರೆಯ ಶ್ರೀಲಂಕಾ 1978ರ ಸಂವಿಧಾನದಲ್ಲಿ ಬೇರೆ ಉಪಾಯ ಹುಡುಕಿತು. ಮತದಾರ ಒಂದೇ ಚೀಟಿಯಲ್ಲಿ 1, 2, 3 ಎಂದು ಮೂರು ಪ್ರಾಶಸ್ತ್ಯ ಗುರುತಿಸಬಹುದು. ಯಾರಿಗೂ ಅರ್ಧ ದಾಟದಿದ್ದರೆ ಮೊದಲ ಇಬ್ಬರನ್ನು ಉಳಿಸಿಕೊಂಡು, ಉಳಿದವರ ಚೀಟಿಗಳ ಕೆಳಗಿನ ಪ್ರಾಶಸ್ತ್ಯ ಎಣಿಸುತ್ತಾರೆ. 1982ರಿಂದ 2019ರ ವರೆಗೆ ಎಂಟು ಚುನಾವಣೆಗಳಲ್ಲಿ ಈ ಎರಡನೆಯ ಎಣಿಕೆಯ ಅಗತ್ಯವೇ ಬೀಳಲಿಲ್ಲ. 2024ರಲ್ಲಿ ಅನುರ ಕುಮಾರ ದಿಸ್ಸನಾಯಕೆ ಅವರಿಗೆ ಮೊದಲ ಎಣಿಕೆಯಲ್ಲಿ ಶೇಕಡ 42 ಬಂದಾಗ ಮೊದಲ ಬಾರಿಗೆ ನಿಯಮ ಕೆಲಸಕ್ಕೆ ಬಂತು. ಅವರು ಸಂಸತ್ತನ್ನು ಕೂಡಲೇ ವಿಸರ್ಜಿಸಿ ಎರಡು ತಿಂಗಳೊಳಗೆ ಚುನಾವಣೆ ನಡೆಸಿದರು. 225ರಲ್ಲಿ 159 ಸ್ಥಾನ ದೊರೆಯಿತು. ಅಧ್ಯಕ್ಷರ ಚುನಾವಣೆಯ ಬಿಸಿ ಆರುವ ಮುನ್ನ ಶಾಸಕಾಂಗದ ಚುನಾವಣೆ ನಡೆದರೆ ಎರಡರ ಫಲಿತಾಂಶವೂ ಒಂದೇ ದಿಕ್ಕಿಗೆ ವಾಲುವ ಸಂಭವ ಹೆಚ್ಚು. ಫ್ರಾನ್ಸಿನವರು 2002ರಿಂದ ಇದೇ ಕ್ರಮ ಹಿಡಿದರು. ಆದರೂ 2022ರಲ್ಲಿ ಅವರಿಗೆ ಅದು ಕೈಕೊಟ್ಟಿತು ಎಂಬುದನ್ನೂ ಹೇಳಬೇಕು.

ಅಮೆರಿಕ ಎರಡು ಶತಮಾನಕ್ಕೂ ಮಿಕ್ಕಿ ಒಂದೇ ಸಂವಿಧಾನದಡಿ ನಡೆದಿದೆಯಲ್ಲ ಎಂದು ನೀವು ಕೇಳಬಹುದು. ಅಲ್ಲಿ ಹೆಚ್ಚು ಕಾಲ ಎರಡೇ ದೊಡ್ಡ ಪಕ್ಷಗಳಿದ್ದುದು ಅದಕ್ಕೊಂದು ಕಾರಣ. 1860ರಲ್ಲಿ ನಾಲ್ವರ ಸ್ಪರ್ಧೆಯಾಗಿ ಶೇಕಡ 40 ಮತದ ಲಿಂಕನ್ ಗೆದ್ದಾಗ, ಗುಲಾಮಗಿರಿಯ ಪ್ರಶ್ನೆಯಲ್ಲಿ ಮೊದಲೇ ಒಡೆದಿದ್ದ ದೇಶದ ದಕ್ಷಿಣ ರಾಜ್ಯಗಳು ಆ ಫಲಿತಾಂಶವನ್ನು ಒಪ್ಪದೆ ಸಿಡಿದು ಹೋದವು. ನಾಲ್ಕು ವರ್ಷ ಅಂತರ್ಯುದ್ಧ ನಡೆಯಿತು.

ನಮ್ಮ ಪದ್ಧತಿಯನ್ನು ಹೊಗಳಿ ಕೂರುವ ಉದ್ದೇಶ ನನಗಿಲ್ಲ. 1989ರಲ್ಲಿ ಕಾಂಗ್ರೆಸ್ಸಿಗೆ 224ರಲ್ಲಿ 178 ಸ್ಥಾನ. ಐದು ವರ್ಷದಲ್ಲಿ ವೀರೇಂದ್ರ ಪಾಟೀಲ್, ಎಸ್. ಬಂಗಾರಪ್ಪ, ವೀರಪ್ಪ ಮೊಯಿಲಿ ಎಂದು ಮೂವರು ಮುಖ್ಯಮಂತ್ರಿಗಳು. 2004ರಲ್ಲಿ ಯಾರಿಗೂ ಬಹುಮತವಿಲ್ಲ; ಮತ ಹೆಚ್ಚು ಬಂದದ್ದು ಕಾಂಗ್ರೆಸ್ಸಿಗೆ, ಸ್ಥಾನ ಹೆಚ್ಚು ಬಂದದ್ದು ಭಾರತೀಯ ಜನತಾ ಪಕ್ಷಕ್ಕೆ. ಅಲ್ಲಿಯೂ ಮೂವರು ಮುಖ್ಯಮಂತ್ರಿಗಳು, ಅವರಲ್ಲಿ ಒಬ್ಬರು 2007ರ ನವೆಂಬರಿನಲ್ಲಿ ಒಂದೇ ವಾರ ಇದ್ದವರು; ಜೊತೆಗೆ ಎರಡು ಬಾರಿ ರಾಷ್ಟ್ರಪತಿ ಆಳ್ವಿಕೆ. ಭಾರೀ ಬಹುಮತವಿದ್ದಾಗಲೂ ಮೂವರು, ಅತಂತ್ರವಾದಾಗಲೂ ಮೂವರು! ವ್ಯತ್ಯಾಸವಿರುವುದು ಇಷ್ಟೇ: ಮುಖ್ಯಮಂತ್ರಿ ಹೋದರೂ ಖಜಾನೆ ನಡೆಯಿತು, ಶಾಲೆ ತೆರೆಯಿತು, ಮುಂದಿನ ಚುನಾವಣೆ ಬಂತು. ಆದರೆ ಪ್ರತಿ ಬದಲಾವಣೆಗೂ ಜನ ಒಂದು ಬೆಲೆ ತೆತ್ತಿದ್ದಾರೆ. ಅರ್ಧಕ್ಕೆ ನಿಂತ ಯೋಜನೆಗಳ ಪಟ್ಟಿಯನ್ನು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

ಸಂವಿಧಾನ ಬರೆದವರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. 1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಟ್ಟ ಡಾ. ಅಂಬೇಡ್ಕರ್ ಅವರು ಪ್ರಜಾಪ್ರಭುತ್ವದ ಸರ್ಕಾರಕ್ಕೆ ಸ್ಥಿರತೆಯೂ ಇರಬೇಕು, ಹೊಣೆಗಾರಿಕೆಯೂ ಇರಬೇಕು, ಎರಡನ್ನೂ ಒಂದೇ ಪ್ರಮಾಣದಲ್ಲಿ ಕೊಡುವ ಪದ್ಧತಿ ಇನ್ನೂ ದೊರೆತಿಲ್ಲ ಎಂಬರ್ಥದ ಮಾತು ಆಡಿದರು. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು. ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು, ಏಕೆಂದರೆ ಅಲ್ಲಿ ಸರ್ಕಾರ ಪ್ರಶ್ನೆ, ನಿಲುವಳಿ ಸೂಚನೆ, ಅವಿಶ್ವಾಸ ನಿರ್ಣಯಗಳ ಮೂಲಕ ದಿನದಿನವೂ ಲೆಕ್ಕ ಒಪ್ಪಿಸಬೇಕು. ಕರಡು ಎರಡನೆಯದನ್ನು ಆರಿಸಿಕೊಂಡಿತು. ನಮ್ಮ ರಾಷ್ಟ್ರಪತಿಯ ಚುನಾವಣೆಗೆ ಮಾತ್ರ ಪ್ರಾಶಸ್ತ್ಯ ಮತದ ಕೊಳಗವನ್ನು ಇಟ್ಟರು. 1969ರಲ್ಲಿ ವಿ.ವಿ. ಗಿರಿ ಅವರು ಗೆದ್ದದ್ದು ಮೊದಲ ಎಣಿಕೆಯಲ್ಲಲ್ಲ, ಸೋತವರ ಚೀಟಿಗಳ ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಿದ ಮೇಲೆ.

ಗಡಿ ಎಳೆಯುವ ನಿಯಮವೂ ಈ ಕೊಳಗದ ಒಂದು ಅಂಚು. 1952ರಲ್ಲಿ ಸಾಗರದೊಡನೆ ಜೋಡಿಯಾಗಿದ್ದ ಹೊಸನಗರ ಮುಂದೆ ತನ್ನ ಹೆಸರಿನದೇ ಕ್ಷೇತ್ರವಾಯಿತು. ಆದರೆ 2001ರ ಜನಗಣತಿಯ ಮೇಲೆ ಕ್ಷೇತ್ರಗಳನ್ನು ಮರುವಿಂಗಡಿಸಿದಾಗ ರಾಜ್ಯದ ಸರಾಸರಿ ಕ್ಷೇತ್ರಕ್ಕೆ ಸುಮಾರು 2 ಲಕ್ಷ 36 ಸಾವಿರ ಜನ ಬೇಕಾಯಿತು. ಕಾಡು ಹೆಚ್ಚು, ಜನ ಕಡಿಮೆ ಇರುವ ತಾಲ್ಲೂಕುಗಳಿಗೆ ಇಂಥ ಲೆಕ್ಕ ಒಗ್ಗುವುದಿಲ್ಲ. ಲಿಂಗನಮಕ್ಕಿಯ ಹಿನ್ನೀರಿಗೆ ಊರುಗಳನ್ನು ಬಿಟ್ಟುಕೊಟ್ಟ ಪ್ರದೇಶ ಬೇರೆ. 2008ರ ಚುನಾವಣೆಯಿಂದ ಹೊಸನಗರ ಕ್ಷೇತ್ರವಿಲ್ಲ. ತಾಲ್ಲೂಕಿನ ಒಂದು ಭಾಗ ಸಾಗರಕ್ಕೆ, ಇನ್ನೊಂದು ತೀರ್ಥಹಳ್ಳಿಗೆ ಹಂಚಿಹೋಗಿದೆ.

ಚಿತ್ರೀಕರಣ ಮುಗಿಸಿ ಸಾಮಾನು ಕಟ್ಟುವಾಗ ಅದೇ ವಿದ್ಯಾರ್ಥಿನಿ ಮತ್ತೆ ಬಂದಳು. “ಹಾಗಾದ್ರೆ ಸಾರ್, ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನ ಆರಿಸೋದು ನಾವಲ್ಲ, ಮೆಂಬರುಗಳು. ಅದೂ ಇದೇ ಲೆಕ್ಕಾನಾ?” ಹೌದು, ಅದೇ ಲೆಕ್ಕ. ಕರ್ನಾಟಕದಲ್ಲಿ ಸದಸ್ಯರು ಅಧ್ಯಕ್ಷರನ್ನು ಆರಿಸುತ್ತಾರೆ, ಅವಿಶ್ವಾಸ ನಿರ್ಣಯದಿಂದ ಇಳಿಸಲೂ ಬಲ್ಲರು. ತಮಿಳುನಾಡಿನಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಊರಿನ ಮತದಾರರೇ ನೇರವಾಗಿ ಆರಿಸುತ್ತಾರೆ. ಅಧ್ಯಕ್ಷರು ಒಂದು ಗುಂಪಿನವರು, ಸದಸ್ಯರಲ್ಲಿ ಹೆಚ್ಚಿನವರು ಇನ್ನೊಂದು ಗುಂಪಿನವರು ಆಗಿಬಿಟ್ಟರೆ ಅಲ್ಲಿ ಏಳುವ ತೊಡಕು ಚಿಲಿಯ ತೊಡಕಿನ ಮರಿ. ಮಹಾರಾಷ್ಟ್ರ 2017ರಲ್ಲಿ ಸರಪಂಚರ ನೇರ ಆಯ್ಕೆಯನ್ನು ತಂದಿತು, 2020ರಲ್ಲಿ ಕೈಬಿಟ್ಟಿತು, 2022ರಲ್ಲಿ ಮತ್ತೆ ತಂದಿತು.